ಆಮದಾರರ ಕೊನೆಯ ಹಾಜರಿ

ಹಗೆಯವನ ಆಯುಷ್ಯ ಹೆಚ್ಚಲೆಂದು ಸೋಮವಾರ ಉಪವಾಸ ಹಿಡಿದ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಪುಣೆಯ ಖರಾಡಿಯಲ್ಲಿ, ಹನ್ನೊಂದನೆಯ ಅಂತಸ್ತಿನ ಮನೆಯೊಂದರಲ್ಲಿ ಅಂಥವಳೊಬ್ಬಳಿದ್ದಳು. ಹೆಸರು ಕಾಶವ್ವ ಹಡಪದ. ಊರು ಬಾಗಲಕೋಟೆಯ ಕಡೆ. ಪುಣೆಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಒಂದನೆಯ ಇಯತ್ತೆಯ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸಿ, ನಾಲ್ಕು ವರ್ಷದ ಹಿಂದೆ ನಿವೃತ್ತಳಾಗಿ, ಈಗ ಮಗಳು ರಂಜನಾಳ ಸಂಸಾರದ ಜೊತೆಗಿದ್ದಳು.

ಸೋಮವಾರ ಮುಂಜಾನೆ ಆಕೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಕೆಳಗೆ ರಸ್ತೆಯಲ್ಲಿ ಸಾಲುಗಟ್ಟಿದ ಕಂಪನಿ ಬಸ್ಸುಗಳ ಹಾರ್ನು ಆಕೆಯ ಕಿವಿಗೆ ಬೀಳುತ್ತಿರಲಿಲ್ಲ. ಏಳು ವರ್ಷದಿಂದ ಆಕೆಯ ಬೇಡಿಕೆ ಒಂದೇ.

"ಶಿವನ, ಬಸವಪ್ರಭು ಹೊಸಮನಿಗೆ ಆಯುಷ್ಯ ಕೊಡಪ್ಪ. ಅವನ ಕಿವಿ ಕೇಳೂಹಂಗ ಇಡು. ನಾಲಿಗಿ ಹೊಳ್ಳೂಹಂಗ ಇಡು. ನೆನಪು ಮಾಸದಂಗ ಇಡು."

ಬಸವಪ್ರಭು ಹೊಸಮನಿ ಅದೇ ಶಾಲೆಯ ಮುಖ್ಯಾಧ್ಯಾಪಕ. ಐದು ವರ್ಷದ ಹಿಂದೆ ಶಿಕ್ಷಕರ ಮತಗಳಿಂದ ಗೆದ್ದು ಮಹಾರಾಷ್ಟ್ರದ ವಿಧಾನ ಪರಿಷತ್ತಿನಲ್ಲಿ ಕೂತವನು. ಶಾಸಕರಿಗೆ ಈ ಸೀಮೆಯಲ್ಲಿ ಆಮದಾರ ಎನ್ನುತ್ತಾರೆ. ಆಮದಾರ ಆದ ಮೇಲೂ ಅವನು ಶಾಲೆಯ ಕುರ್ಚಿ ಬಿಟ್ಟಿರಲಿಲ್ಲ. "ನಾ ಮೊದಲ ಮಾಸ್ತರ, ಆಮ್ಯಾಲ ಆಮದಾರ" ಎನ್ನುವುದು ಅವನ ಪ್ರತಿ ಭಾಷಣದ ಮೊದಲ ಸಾಲು, ಚಪ್ಪಾಳೆ ಬೀಳುವ ಸಾಲು.

ಕಾಶವ್ವನ ವ್ರತದ ಸುದ್ದಿ ಅವನಿಗೂ ಮುಟ್ಟಿತ್ತು. ಅದನ್ನೂ ಅವನು ಭಾಷಣಕ್ಕೆ ಸೇರಿಸಿಕೊಂಡ. "ನಮ್ಮ ಕಾಶಕ್ಕ ನನ್ನ ಸಲುವಾಗಿ ಸೋಮವಾರ ಹಿಡದಾರ. ಇದಕಿಂತ ದೊಡ್ಡ ಪ್ರಶಸ್ತಿ ಯಾವ ಸರಕಾರ ಕೊಡ್ತದ ಹೇಳ್ರಿ?" ಜನ ಕಾಶವ್ವನ ಕಡೆ ತಿರುಗಿ ಕೈ ಮುಗಿಯುತ್ತಿದ್ದರು. ಕಾಶವ್ವನೂ ಕೈ ಮುಗಿಯುತ್ತಿದ್ದಳು.

ರಂಜನಾ ಮಾತ್ರ ಕುದಿಯುತ್ತಿದ್ದಳು. "ಅವ್ವ, ಅಪ್ಪನ್ನ ಮಣ್ಣ ಮಾಡಿದಾವನ ಸಲುವಾಗಿ ಹೊಟ್ಟಿ ಸುಟ್ಟಕೋತಿಯಲ್ಲ, ನಿನಗ ದೇವರು ಬುದ್ಧಿ ಕೊಟ್ಟಾನೊ ಇಲ್ಲೋ?"

"ಕೊಟ್ಟಾನವ್ವ. ಹಣ್ಣಾಗೂತನಕ ಗಿಡಾ ಕಾಯಬೇಕು. ನಡುವ ಒಣಗಿದರ ಕಲ್ಲು ಯಾತಕ್ಕ ಒಗೀಲಿ?"

ಕಾಶವ್ವನ ಗಂಡ ಗೂಳಪ್ಪ ಮಾಸ್ತರ. ಅದೇ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ನೋಡಿಕೊಳ್ಳುತ್ತಿದ್ದ. ದನಿ ಏರಿಸದ, ಯಾರು ಏನು ಹೇಳಿದರೂ "ಹೌದ್ರಿ" ಎನ್ನುವ ಮನುಷ್ಯ. ಹದಿನಾಲ್ಕು ವರ್ಷದ ಹಿಂದೆ ಕನ್ನಡ ಶಾಲೆಗೆ ಮಕ್ಕಳು ಕಡಿಮೆಯಾಗುತ್ತ ಬಂದು, ಗೂಳಪ್ಪನ ವರ್ಗದಲ್ಲಿ ಹನ್ನೆರಡೇ ಉಳಿದವು. ಸಂಖ್ಯೆ ಇಷ್ಟೇ ಇದ್ದರೆ ವರ್ಗ ಮುಚ್ಚುತ್ತಾರೆಂದು ಸುದ್ದಿ ಹಬ್ಬಿತು. ಆಗ ಒಂದು ಸಂಜೆ ಬಸವಪ್ರಭು ಬಾಗಿಲು ಹಾಕಿಕೊಂಡು, ಗೂಳಪ್ಪನ ಮುಂದೆ ಹಾಜರಿ ಪುಸ್ತಕ ತೆರೆದಿಟ್ಟು, ಅತ್ತಿಂದಿತ್ತ ಓಡಾಡುತ್ತ ಹತ್ತೊಂಬತ್ತು ಹೆಸರು ಹೇಳಿದ. ಗೂಳಪ್ಪ ಬರೆದುಕೊಂಡ. ಶಾಲೆ ಉಳಿಸುವ ಕೆಲಸ ಎಂದು ನಂಬಿ, ತನ್ನ ದುಂಡನೆಯ ಅಕ್ಷರದಲ್ಲಿ ಬರೆದ. ಆ ಮಕ್ಕಳಿಗೆ ದಿನಾ ಹಾಜರಿಯನ್ನೂ ಹಾಕಿದ.

ಎರಡು ತಿಂಗಳಿಗೆ ತಪಾಸಣೆಯವರು ಬಂದರು. ಹಾಜರಿ ಕೂಗಿದರು. ಹನ್ನೆರಡು ಮಕ್ಕಳು ಎದ್ದು ನಿಂತವು, ಹತ್ತೊಂಬತ್ತು ಹೆಸರು ಗಾಳಿಗೆ ಹೋದವು. ಸಾಹೇಬರು ಆ ಹೆಸರುಗಳ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದು ಬಸವಪ್ರಭುವಿನ ಮುಖ ನೋಡಿದರು.

"ಅಕ್ಷರ ನೋಡ್ರಿ ಸಾಹೇಬ್ರ" ಎಂದ ಬಸವಪ್ರಭು. "ಗೂಳಪ್ಪ ಮಾಸ್ತರದು. ನಾ ನಂಬಿ ಸಹಿ ಮಾಡೀನಿ. ನಂಬೂದೂ ತಪ್ಪಾಗಿದ್ರ ನನಗೂ ಶಿಕ್ಷಾ ಕೊಡ್ರಿ."

ನಂಬಿದವನಿಗೆ ಯಾರು ಶಿಕ್ಷೆ ಕೊಡುತ್ತಾರೆ? ಬರೆದವನ ನೌಕರಿ ಹೋಯಿತು. ಹೇಳಿ ಬರೆಸಿದ್ದು ಅವರೇ ಎಂದು ಗೂಳಪ್ಪ ವಿಚಾರಣೆಯಲ್ಲಿ ಹೇಳಿದ. ಸಾಕ್ಷಿ ಎಲ್ಲಿ ಎಂದರು, ಇರಲಿಲ್ಲ. ಮರುದಿನ ಮರಾಠಿ ಪತ್ರಿಕೆಯಲ್ಲಿ ಬಂತು. ಪುಣೆಯಲ್ಲಿ ಕನ್ನಡದವರು ಎಷ್ಟೇ ಸಾವಿರ ಇರಲಿ, ಮದುವೆ ಮುಂಜಿಯಲ್ಲಿ ಕೂಡುವವರು ಅವರವರೇ. "ಕಳ್ಳ ಹಾಜರಿ ಮಾಸ್ತರ" ಎಂಬ ಹೆಸರು ಪಂಕ್ತಿಯಿಂದ ಪಂಕ್ತಿಗೆ ಅನ್ನದ ಬುಟ್ಟಿಗಿಂತ ಮೊದಲು ಓಡಿತು. ಗೂಳಪ್ಪ ಮದುವೆಗಳಿಗೆ ಹೋಗುವುದನ್ನು ಬಿಟ್ಟ. ಆಮೇಲೆ ಗುಡಿಗೆ ಹೋಗುವುದನ್ನೂ ಬಿಟ್ಟ. ಎರಡು ವರ್ಷಕ್ಕೆ ಹಾಸಿಗೆ ಹಿಡಿದ. ಕೊನೆಯ ದಿನಗಳಲ್ಲಿ ಅವನ ಬಾಯಲ್ಲಿ ಶಿವನಾಮ ಬರಲಿಲ್ಲ. ಬಂದದ್ದು ಆ ಹೆಸರುಗಳು, ಅದೇ ಸರತಿಯಲ್ಲಿ: "ಚನ್ನಬಸಪ್ಪ ಗಾಣಿಗೇರ... ನೀಲವ್ವ ಬಳಿಗಾರ... ಸಾಬಣ್ಣ ತಳವಾರ... ದುಂಡಪ್ಪ ಮೆಣಸಿನಕಾಯಿ..." ಬಾಯಿಗೆ ನೀರು ಬಿಡುತ್ತ ಬಿಡುತ್ತ ಕಾಶವ್ವನಿಗೂ ಹತ್ತೊಂಬತ್ತು ಹೆಸರು ಬಾಯಿಪಾಠವಾದವು.

ಮಣ್ಣಿಗೆ ಬಸವಪ್ರಭುವೇ ಮುಂದೆ ನಿಂತ. ವಿಧವೆಯ ನೌಕರಿಯನ್ನು ಮುಟ್ಟಲಿಲ್ಲ. "ಗಂಡ ಮಾಡಿದ್ದಕ್ಕ ಹೆಂಡ್ತಿಗ್ಯಾಕ ಶಿಕ್ಷಾ? ಕಾಶಕ್ಕ ಇಲ್ಲೇ ಇರ್ಲಿ" ಎಂದ. ಎಂಥ ದೊಡ್ಡ ಮನಸ್ಸು ಎಂದು ಜನ ಆಡಿದರು. ಆ ದೊಡ್ಡ ಮನಸ್ಸಿನ ಕೆಳಗೆ ಕಾಶವ್ವ ಎಂಟು ವರ್ಷ ದಿನಾ ಮುಂಜಾನೆ ಸಹಿ ಮಾಡಿದಳು.

ಸಾಕ್ಷಿ ಸಿಕ್ಕದ್ದು ಏಳು ವರ್ಷದ ಹಿಂದೆ. ಬಸವಪ್ರಭು ಭೀಮಾ ನದಿಯ ದಂಡೆಯ ತನ್ನ ಹುಟ್ಟೂರಿನಲ್ಲಿ ಹೊಸ ಮನೆ ಕಟ್ಟಿಸಿ, ವಾಸ್ತುಶಾಂತಿಗೆ ಶಾಲೆಯ ಸಿಬ್ಬಂದಿಯನ್ನೆಲ್ಲ ಬಸ್ಸಿನಲ್ಲಿ ಕರೆದೊಯ್ದಿದ್ದ. ಊಟಕ್ಕೆ ಮೊದಲು ಓಣಿಯ ಮನೆಮನೆಗೆ ಸಕ್ಕರೆ ಬೀರುವ ಪದ್ಧತಿ. ಮನೆಯ ಹಿರಿಯಳು ಬಸವಪ್ರಭುವಿನ ದೊಡ್ಡವ್ವ. ಎಂಬತ್ತು ಸಮೀಪಿಸಿದ್ದರೂ ನಡಿಗೆಯಲ್ಲಿ ಹುರುಪು. ಸಕ್ಕರೆಯ ತಾಟು ಹಿಡಿಯಲು ಆಕೆ ಕಾಶವ್ವನನ್ನು ಕರೆದುಕೊಂಡಳು.

ಹಳ್ಳಿಯಲ್ಲಿ ಮನುಷ್ಯರು ಸತ್ತ ಮೇಲೂ ಮನೆ ಅವರ ಹೆಸರಿನಲ್ಲೇ ಇರುತ್ತದೆ. ಹನುಮಪ್ಪನ ಗುಡಿಯ ಮಗ್ಗುಲಿನ ಮೊದಲ ಮನೆಯ ಮುಂದೆ ನಿಂತು ದೊಡ್ಡವ್ವ ಅಂದಳು: "ಇದು ಚನ್ನಬಸಪ್ಪ ಗಾಣಿಗೇರನ ಮನಿ. ಪುಣ್ಯಾತ್ಮ, ತೀರಿಕೊಂಡ ಮೂವತ್ತ ವರ್ಷ ಮ್ಯಾಲಾತು."

ಕಾಶವ್ವನಿಗೆ ಎಲ್ಲೋ ಕೇಳಿದ ಹೆಸರು ಅನ್ನಿಸಿತು.

"ಇದು ನೀಲವ್ವ ಬಳಿಗಾರಳ ಮನಿ. ಬಳಿ ತೊಡಸಾಕ ಅಕಿ ಕೂತಳಂದ್ರ ಹಾಡೇ ಹಾಡು."

ಗಂಡನ ಸರತಿಯಲ್ಲೂ ಎರಡನೆಯದು ಇದೇ ಹೆಸರು. ಮೂರನೆಯದು ಸಾಬಣ್ಣ ತಳವಾರನ ಮನೆ. ನಾಲ್ಕನೆಯ ಮನೆಯ ಮುಂದೆ ಮುದುಕಿ ಬಾಯಿ ತೆರೆಯುವ ಮೊದಲೇ ಕಾಶವ್ವ ಅಂದಳು: "ದುಂಡಪ್ಪ ಮೆಣಸಿನಕಾಯಿ."

"ಅಯ್ಯ ನಮ್ಮವ್ವ! ನಿಮಗ ಹೆಂಗ ಗೊತ್ತರಿ?"

"ನಮ್ಮ ಯಜಮಾನ್ರು ಸಾಯೂ ಮುಂದ ಇವರನ್ನೆಲ್ಲಾ ಭಾಳ ನೆನಸ್ತಿದ್ರಿ."

ಅಂದರೆ, ಆ ಸಂಜೆ ಅವಸರದಲ್ಲಿ ಹತ್ತೊಂಬತ್ತು ಹೆಸರು ಬೇಕಾದಾಗ ಬಸವಪ್ರಭುವಿನ ಬಾಯಿಗೆ ಬಂದದ್ದು ತನ್ನ ಹುಟ್ಟೋಣಿ. ಗುಡಿಯಿಂದ ಹೊರಟು ತನ್ನ ಮನೆಯತನಕ ಮನಸ್ಸಿನಲ್ಲೇ ನಡೆದು, ಬಾಗಿಲು ಬಾಗಿಲಿಗೂ ಒಂದು ಹೆಸರು ಎತ್ತಿಕೊಂಡಿದ್ದ. ಆ ಊರಿಗೆ ಕಾಲಿಡದ ಗೂಳಪ್ಪ ಈ ಸರತಿಯನ್ನು ಕನಸಿನಲ್ಲೂ ಕಟ್ಟಲಾರ. ನಮ್ಮಲ್ಲಿ ಮೊಮ್ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವುದರಿಂದ ಮಕ್ಕಳ ಹೆಸರು ಹಳೆಯದಾಯಿತೆಂದು ಯಾರಿಗೂ ಸಂಶಯ ಬರಲಿಲ್ಲ.

ಓಣಿ ಮುಗಿದದ್ದು ಹೊಸಮನಿಯವರ ಬಾಗಿಲಲ್ಲಿ. ಹದಿನೆಂಟು ಹೆಸರು ಮುಗಿದಿದ್ದವು. ಹತ್ತೊಂಬತ್ತನೆಯದು ಪಾರ್ವತಿ ಹೊಸಮನಿ. ಹೊಸಮನಿ ಎಂಬ ಅಡ್ಡಹೆಸರಿನವರು ಊರೂರಿಗೂ ಇರುವುದರಿಂದ ಅದನ್ನೂ ಯಾರೂ ಗಮನಿಸಿರಲಿಲ್ಲ.

"ಪಾರ್ವತಿ ಅಂದ್ರ ಯಾರ್ರಿ ದೊಡ್ಡವ್ವ?" ಎಂದು ಕಾಶವ್ವ ಕೇಳಿದಳು.

ಮುದುಕಿಯ ಹುರುಪು ಅಲ್ಲೇ ನಿಂತಿತು. "ಬಸೂನ ತಂಗಿ. ನಾನ ಎತ್ತಿ ಆಡಿಸಿದ ಕೂಸು. ಎಂಟನೇ ವರ್ಷಕ್ಕ ಹೊಳಿ ಒಯ್ತು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಊಟವಾದ ಮೇಲೆ ಕಾಶವ್ವ ಒಬ್ಬಳೇ ಹೊಳೆಯ ದಂಡೆಗೆ ಹೋಗಿ ಕೂತಳು. ಪುಣೆಯ ಮುಠಾ ನದಿಯ ನೀರು ಸುತ್ತಿ ಬಳಸಿ ಕಡೆಗೆ ಭೀಮೆಯನ್ನೇ ಸೇರುತ್ತದೆ. ಅಲ್ಲಿ ತೊಳೆದದ್ದು ಇಲ್ಲಿಗೆ ಬಂದು ಮುಟ್ಟುತ್ತದೆ. ತಡವಾಗುತ್ತದೆ, ಆದರೆ ದಾರಿ ತಪ್ಪುವುದಿಲ್ಲ. ಹಾಗೆಂದುಕೊಂಡು ಆಕೆ ಬೊಗಸೆ ನೀರು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ವ್ರತ ಹಿಡಿದದ್ದು ಅಲ್ಲಿಯೇ.

ವಿಷಯ ತಿಳಿದ ರಂಜನಾ, "ಅರ್ಜಿ ಕೊಡೂಣು, ವಕೀಲರನ್ನ ನೋಡೂಣು" ಎಂದಳು.

"ಅರ್ಜಿ ಯಾರ ಟೇಬಲ್ಲಿಗೆ ಹೋಗ್ತದ? ಅವನ ಮಿತ್ರರ ಟೇಬಲ್ಲಿಗೆ. ನಿಮ್ಮಪ್ಪನ್ನ ಕಳ್ಳ ಅಂದದ್ದು ಮಂದಿ. ಮಂದಿ ಮುಂದನ ತೀರಬೇಕು. ಅವನ ಬಾಯಿಂದನ ತೀರಬೇಕು."

"ಅವ ಯಾಕ ಬಾಯಿ ಬಿಡ್ತಾನವ್ವ?"

"ನಿಮ್ಮಪ್ಪ ಒಂದ ಪದ್ಧತಿ ಹಾಕಿಕೊಟ್ಟ ಹೋಗ್ಯಾನ. ಅದು ಬಿಡಸ್ತದ."

ಆ ಪದ್ಧತಿಯ ಹೆಸರು ಕೊನೆಯ ಹಾಜರಿ. ಬಹಳ ವರ್ಷದ ಹಿಂದೆ, ಮೈಸೂರು ಕಡೆಯ ಶ್ರೀಕಂಠಯ್ಯ ಎಂಬ ಹಿರಿಯ ಮೇಷ್ಟ್ರು ನಿವೃತ್ತರಾದಾಗ ಗೂಳಪ್ಪ ಅದನ್ನು ಶುರುಮಾಡಿದ್ದ. ಹೊರಡುವ ಶಿಕ್ಷಕರನ್ನು ಕುರ್ಚಿಯಲ್ಲಿ ಕೂರಿಸಿ, ಶಾಲೆಯ ಅತ್ಯಂತ ಹಿರಿಯ ಶಿಕ್ಷಕರು ಹಳೆಯ ಹಾಜರಿ ಪುಸ್ತಕವೊಂದನ್ನು ತೆರೆದು ಹೆಸರು ಕೂಗಬೇಕು. ಯಾವ ವರ್ಷದ ಪುಸ್ತಕ ಎನ್ನುವುದು ಕೂಗುವವರ ಇಚ್ಛೆ. ಬಂದಿರುವ ಹಳೆಯ ವಿದ್ಯಾರ್ಥಿ "ಹಾಜರ್ರೀ ಸರ್" ಎಂದು ಎದ್ದು, ಒಂದು ಹೂವು ತಂದು ಗುರುವಿನ ಉಡಿಯಲ್ಲಿ ಹಾಕಬೇಕು. ಬಾರದ ಮಗು ಇವತ್ತು ಎಲ್ಲಿದೆ ಎಂದು ಗುರುವೇ ಹೇಳಬೇಕು. ಕೈಬಿಟ್ಟ ಮಗುವಿನ ಗುರುತೂ ಇಟ್ಟುಕೊಳ್ಳದವನು ಎಂಥ ಮಾಸ್ತರ ಎನ್ನುತ್ತಿದ್ದ ಗೂಳಪ್ಪ. ಹಾಜರಿ ನಡುವೆ ನಿಲ್ಲಬಾರದು, ಕುರ್ಚಿಯಿಂದ ಏಳಬಾರದು. ಅರ್ಧ ಬಿಟ್ಟ ಹಾಜರಿ ಅರ್ಧ ಬಿಟ್ಟ ಪೂಜೆಯ ಹಾಗೆ. ಶಾಲೆಯಲ್ಲಿ ಎಲ್ಲರಿಗೂ ಕೊನೆಯ ಹಾಜರಿ ಆಗಿತ್ತು. ನೌಕರಿ ಕಳೆದುಕೊಂಡ ಗೂಳಪ್ಪನಿಗೆ ಆಗಿರಲಿಲ್ಲ.

ಈ ವರ್ಷ ಬಸವಪ್ರಭುವಿಗೆ ಐವತ್ತೆಂಟು ತುಂಬಿತು. ಆಮದಾರಕಿ ಇನ್ನೂ ಒಂದು ವರ್ಷ ಇತ್ತು. ಶಿಕ್ಷಣ ಸೇವೆ ಮಾತ್ರ ಮುಗಿಯಿತು. ಭಾನುವಾರ ಮುಂಜಾನೆ ಶಾಲೆಯ ಸಭಾಗೃಹದಲ್ಲಿ ಸತ್ಕಾರ ಸಮಾರಂಭ ಎಂದು ರಸ್ತೆಯ ಕಂಬ ಕಂಬಕ್ಕೂ ಫ್ಲೆಕ್ಸ್ ಬಿತ್ತು. ನಿವೃತ್ತರನ್ನೂ ಹಿಡಿದು, ಬದುಕಿದ್ದವರಲ್ಲಿ ಅತ್ಯಂತ ಹಿರಿಯ ಶಿಕ್ಷಕಿ ಕಾಶವ್ವನೇ.

ಮೂರು ದಿನ ಮೊದಲು ಆಕೆ ಶಾಲೆಗೆ ಹೋಗಿ ಗುಮಾಸ್ತ ಪಂಢರಿನಾಥನ ಮುಂದೆ ಕೂತಳು. ಮರಾಠಿಯವನಾದರೂ ಅವನು ಇಪ್ಪತ್ತು ವರ್ಷದಲ್ಲಿ ಕನ್ನಡ ಕಲಿತಿದ್ದ; ಶಿಕ್ಷಕಿಯರನ್ನು ಮಾತ್ರ ಮರಾಠಿ ರೂಢಿಯಂತೆ 'ಬಾಯಿ' ಎನ್ನುತ್ತಿದ್ದ. ವರ್ಷ ಮತ್ತು ಇಯತ್ತೆ ಹೇಳಿದಳು. ಪಂಢರಿನಾಥ ಕನ್ನಡಕ ತೆಗೆದು ಒರೆಸಿದ.

"ಬಾಯಿ, ಹೇಚ್ ಪಾಹಿಜೆ? ಇದ ಬೇಕ್ರಿ?"

"ಇದ ಬೇಕಪ್ಪ."

"ಚೌಕಶಿ-ವಿಚಾರಣಾ ಮುಗದ ಮ್ಯಾಲ ವಾಪಸ್ ಬಂದದ. ಧೂಳಾಗ ಅದ."

"ಧೂಳು ನಾ ಝಾಡಸ್ತೀನಿ."

ಅವನು ಏಣಿ ಹತ್ತಿ ಮಾಳಿಗೆಯಿಂದ ಪುಸ್ತಕ ಇಳಿಸಿದ. ದೇವರ ಪೋಥಿ ಪುಸ್ತಕಕ್ಕೆ ಸುತ್ತುವಂತೆ ಕೆಂಪು ಬಟ್ಟೆ ಸುತ್ತಿ ಎರಡೂ ಕೈಯಿಂದ ಕೊಟ್ಟ. "ಗೂಳಪ್ಪ ಸರ್ ಭಾಳ ಛಲೋ ಇದ್ರು. ನಾನೂ ಸುಮ್ನ ಕೂತೆ, ಬಾಯಿ" ಎಂದ. ಕಾಶವ್ವ ಪುಸ್ತಕವನ್ನು ಎದೆಗವಚಿಕೊಂಡು ಎದ್ದಳು. ಸುಮ್ಮನೆ ಕೂತವರ ಪಟ್ಟಿ ಆಕೆಯ ಹತ್ತಿರ ಬೇರೆ ಇತ್ತು.

ಮನೆಗೆ ಬಂದು ಹತ್ತೊಂಬತ್ತನೆಯ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂತಳು. ಸತ್ತ ಕೂಸಿನ ಹೆಸರನ್ನು ಸಭೆಯಲ್ಲಿ ಎತ್ತುವುದು ಧರ್ಮವೇ? ಹದಿನೆಂಟು ಸಾಲದೇ? ಲಿಂಗದ ಮುಂದೆ ಕೇಳಿದಳು. ಲಿಂಗ ಮಾತಾಡುವುದಿಲ್ಲ, ಕೇಳಿದವರ ಮನಸ್ಸನ್ನು ಹೊತ್ತುಕೊಂಡು ತಣ್ಣಗೆ ಕೂತಿರುತ್ತದೆ. ಕಾಶವ್ವನ ಮನಸ್ಸಿನಲ್ಲಿದ್ದದ್ದು ಗಂಡನ ಒಣಗಿದ ತುಟಿ. ಆ ತುಟಿ ಒಂದು ಹೆಸರನ್ನೂ ಬಿಟ್ಟಿರಲಿಲ್ಲ.

ಭಾನುವಾರ ಸಭಾಗೃಹ ತುಂಬಿತು. ಬಸವಪ್ರಭುವಿಗೆ ಕೇಸರಿ ಫೇಟಾ ಸುತ್ತಿದರು, ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಮೊದಲ ಸಾಲಿನಲ್ಲಿ ಶಿಕ್ಷಣ ಖಾತೆಯ ಸಾಹೇಬರು, ಇಬ್ಬರು ಆಮದಾರರು, ನಡುವೆ ಇಳಕಲ್ಲ ಸೀರೆಯ ದೊಡ್ಡವ್ವ. ಮಗನ ಸಮಾನ ಬಸುವಿನ ವೈಭವ ನೋಡಲು ಆಕೆಯನ್ನು ಊರಿನಿಂದ ಕಾರಿನಲ್ಲಿ ತರಿಸಿದ್ದರು. ಭಾಷಣಗಳಾದವು. ಕನ್ನಡ ಶಾಲೆಯ ದೀಪ ಆರದಂತೆ ಕಾದ ಕೈ ಎಂದು ಒಬ್ಬರು, ಪ್ರಾಮಾಣಿಕತೆಯ ಪುತ್ಥಳಿ ಎಂದು ಇನ್ನೊಬ್ಬರು.

ನಿರೂಪಣೆಯ ಶೈಲಶ್ರೀ, ಈಗಿನ ನಾಲ್ಕನೆಯ ಇಯತ್ತೆಯ ಶಿಕ್ಷಕಿ, ಮೈಕಿನಲ್ಲಿ ಹೇಳಿದಳು: "ಈಗ ನಮ್ಮ ಶಾಲೆಯ ಹೆಮ್ಮೆಯ ಪದ್ಧತಿ, ಕೊನೆಯ ಹಾಜರಿ. ಕೂಗುವವರು ಕಾಶವ್ವ ಟೀಚರ್."

ಬಸವಪ್ರಭು ಕೂತಲ್ಲಿಂದಲೇ ಮೈಕು ಎಳೆದುಕೊಂಡ. "ನನಗ ಆಯುಷ್ಯ ಬೇಡಿದ ಬಾಯಿ ಇದು. ಕೂಗ್ರಿ ಕಾಶಕ್ಕ, ಯಾವ ವರ್ಷದ್ದರ ಕೂಗ್ರಿ. ನಾ ಒಂದ ಕೂಸನ್ನೂ ಮರತಿಲ್ಲ."

"ಮರೀಬಾರದಂತನ ಬೇಡೀನ್ರಿ ಸರ್" ಎಂದಳು ಕಾಶವ್ವ.

ಬಟ್ಟೆ ಬಿಚ್ಚಿದಳು. ವರ್ಷ ಹೇಳಲಿಲ್ಲ.

"ಪ್ರಾಚಿ ಕುಂಬಾರ."

"ಹಾಜರ್ರೀ ಸರ್!" ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಪ್ರಾಚಿ ಎದ್ದು ಬಂದು ಗುಲಾಬಿ ಹಾಕಿದಳು.

"ಮಾಂತು ಬಿರಾದಾರ."

ಉತ್ತರವಿಲ್ಲ. ಬಸವಪ್ರಭು ನಕ್ಕ. "ಮಾಂತು ಕಂಪನಿ ಕ್ಯಾಬ್ ಓಡಸ್ತಾನ. ಹಿಂಜವಾಡಿ ಟ್ರಾಫಿಕ್ಕಿನ್ಯಾಗ ಸಿಕ್ಕಿರಬೇಕು, ನಾಳಿಗೆ ಹಾಜರ್ ಅಂತಾನ." ಸಭೆ ನಕ್ಕಿತು. ಹನ್ನೆರಡು ಹೆಸರು ಹೀಗೆಯೇ ನಗುನಗುತ್ತ ಮುಗಿದವು. ಒಂಬತ್ತು ಹೂವು ಉಡಿಗೆ ಬಿದ್ದವು. ಅವರೆಲ್ಲ ಗೂಳಪ್ಪನ ವರ್ಗದವರು ಎಂದು ಪ್ರಾಚಿಗೆ ಅಷ್ಟರಲ್ಲಿ ಹೊಳೆದಿತ್ತು. ಪಕ್ಕದ ಗೆಳತಿಯ ಕೈ ಹಿಡಿದುಕೊಂಡು ಕೂತಿದ್ದಳು.

ಕಾಶವ್ವ ಹಾಳೆ ತಿರುವಿದಳು.

"ಚನ್ನಬಸಪ್ಪ ಗಾಣಿಗೇರ."

ಸಭೆ ಕಾಯಿತು. ಬಸವಪ್ರಭು ಕತ್ತು ಚಾಚಿದ. ಆಗಲೇ ಅವನ ಕಣ್ಣು ಪುಸ್ತಕದ ಕೆಂಪು ಗೆರೆಗಳನ್ನು ಕಂಡದ್ದು. ಆದರೂ ಹದಿನಾಲ್ಕು ವರ್ಷ ವೇದಿಕೆ ಆಳಿದ ನಾಲಿಗೆ, ಬಿಟ್ಟುಕೊಡಲಿಲ್ಲ.

"ಚನ್ನಬಸಪ್ಪ... ಬೆಂಗಳೂರಾಗ ಅದಾನ. ಛಲೋ ನೌಕರಿ."

ಚಪ್ಪಾಳೆ ಬಿತ್ತು. ಕಾಶವ್ವ ಚಪ್ಪಾಳೆ ಮುಗಿಯುವವರೆಗೂ ನಿಂತಳು.

"ನೀಲವ್ವ ಬಳಿಗಾರ."

"ಲಗ್ನ ಆತು. ಸೊಲ್ಲಾಪುರಕ್ಕ ಕೊಟ್ಟಾರ."

"ಸಾಬಣ್ಣ ತಳವಾರ."

"ಸಾಬಣ್ಣ ಮಿಲಿಟರಿಗೆ..."

ಮೊದಲ ಸಾಲಿನಲ್ಲಿ ದೊಡ್ಡವ್ವ ಎದ್ದು ನಿಂತಿದ್ದಳು. ಮೊದಮೊದಲು ತನ್ನ ಕಿವಿಯನ್ನೇ ನಂಬದೆ ಕೂತಿದ್ದ ಮುದುಕಿಗೆ ಇನ್ನು ತಡೆಯಲಾಗಲಿಲ್ಲ. ಹೊಲದಿಂದ ಹೊಲಕ್ಕೆ ಕೂಗಿ ರೂಢಿಯಾದ ದನಿಗೆ ಮೈಕು ಬೇಕಾಗಿರಲಿಲ್ಲ.

"ಏ ಬಸೂ! ಏನ ಮಾತಾಡ್ತಿಯೋ? ಚನ್ನಬಸಪ್ಪ ಸತ್ತ ಮೂವತ್ತೇಳ ವರ್ಷ ಆತಲ್ಲೋ, ಬೆಂಗಳೂರಿಗೆ ಯಾವಾಗ ಹ್ವಾದ? ನೀಲವ್ವಗ ಯಾವ ಸೊಲ್ಲಾಪುರ? ಅಕಿ ಮಣ್ಣಿಗೆ ನೀನೂ ಬಂದಿದ್ಯಲ್ಲೋ!"

ಸಭೆ ಗೊಳ್ಳೆಂದಿತು. "ಅಜ್ಜಿಗೆ ಏನೋ ನೆನಪಾಗಿದೆ" ಎಂದು ಶೈಲಶ್ರೀ ಸಂಭಾಳಿಸಲು ಹೋದಳು.

"ದುಂಡಪ್ಪ ಮೆಣಸಿನಕಾಯಿ" ಎಂದಳು ಕಾಶವ್ವ.

"ಗುಡಿಯಿಂದ ನಾಲ್ಕನೇ ಮನಿ!" ಎಂದಳು ದೊಡ್ಡವ್ವ. "ಕಾಶವ್ವ, ನಮ್ಮ ಓಣಿ ಓದಾಕ ಹತ್ತಿಯೇನ? ಮುಂದ ಇರಪಣ್ಣ ಸುಣಗಾರ ಬರಬೇಕು ನೋಡು."

ಕಾಶವ್ವ ಪುಸ್ತಕವನ್ನು ಸಭೆಯ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ದುಂಡಪ್ಪನ ಕೆಳಗೆ ಇರಪಣ್ಣ ಸುಣಗಾರ. ನಗು ಅಲ್ಲಿಗೆ ಕಟ್ಟಾಯಿತು. ಮುಂದಿನ ಹೆಸರನ್ನು ಮುದುಕಿ ಹೇಳುವುದು, ಕಾಶವ್ವ ಓದುವುದು, ಎರಡೂ ಒಂದೇ. ಹತ್ತನೆಯ ಹೆಸರಿಗೆ ಶಿಕ್ಷಣ ಖಾತೆಯ ಸಾಹೇಬರು ಎದ್ದು ವೇದಿಕೆಯ ಹತ್ತಿರ ಬಂದು ಪುಸ್ತಕದ ಹೊದಿಕೆಯ ಮೇಲಿನ ವರ್ಷ ನೋಡಿದರು. ಕನ್ನಡದ ಮಂದಿಗೆ ನೋಡಬೇಕಾಗಿರಲಿಲ್ಲ. ಹತ್ತೊಂಬತ್ತು ಕಳ್ಳ ಹೆಸರಿನ ಕತೆ ಅವರೇ ಊಟದ ಪಂಕ್ತಿಯಲ್ಲಿ ಹಂಚಿದ್ದು. ಆ ಹೆಸರುಗಳು ಯಾರ ಓಣಿಯವು ಎಂಬುದು ಈಗ ಗೊತ್ತಾಯಿತು.

ಬಸವಪ್ರಭು ಏಳಲು ಹೋದ.

"ಕೂಡ್ರಿ ಸರ್" ಎಂದಳು ಕಾಶವ್ವ, ಒಂದನೆಯ ಇಯತ್ತೆಯ ಮಗುವಿಗೆ ಹೇಳುವ ದನಿಯಲ್ಲಿ. "ಹಾಜರಿ ನಡುವ ಏಳಬಾರದು."

ಅವನು ಕೂತ. ಹದಿನೆಂಟು ಹೆಸರು ಮುಗಿದವು. ಫೇಟಾದ ಕೆಳಗಿನಿಂದ ಬೆವರು ಕಿವಿಯ ತನಕ ಇಳಿದಿತ್ತು. ಮೈಕಿಗೆ ಕೈ ಮುಚ್ಚಿ ಅವನು ಪಿಸುಗುಟ್ಟಿದ: "ಕಾಶಕ್ಕ, ನಿಮ್ಮ ಕಾಲ ಹಿಡೀತೀನಿ. ಮುಂದಿಂದ ಒಂದ ಬ್ಯಾಡ. ದೊಡ್ಡವ್ವ ಇಲ್ಲೇ ಅದಾಳ."

"ಮುಂದಿಂದು ಯಾವುದು ಅಂತ ನಿಮಗ ಹೆಂಗ ಗೊತ್ತು, ಸರ್? ಪುಸ್ತಕ ನನ್ನ ಕೈಯಾಗ ಅದ."

ಅವನು ಸಭೆಯ ಕಡೆ ತಿರುಗಿದ. ಸಭೆ ನೋಡುತ್ತಿತ್ತು. ಮೈಕಿನ ಮೇಲಿನ ಕೈ ತಾನಾಗಿ ಸರಿಯಿತು.

"ನಾನ ಹೇಳಿ ಬರೆಸಿದೆ" ಎಂದ. ಮೊದಲ ಸಲ ಯಾರಿಗೂ ಸರಿಯಾಗಿ ಕೇಳಲಿಲ್ಲ. "ಹತ್ತೊಂಬತ್ತೂ ಹೆಸರು ನಾನ ಹೇಳಿದ್ದು. ಗೂಳಪ್ಪ ಬರಕೊಂಡ, ಅಷ್ಟ. ಅವಂದು ತಪ್ಪಿಲ್ಲ. ಸಾಕಲ್ರಿ ಕಾಶಕ್ಕ? ಮುಚ್ಚರಿ."

ಕಾಶವ್ವ ಮುಚ್ಚಬಹುದಿತ್ತು. ಆಕೆ ಬಯಸಿದ್ದು ಅವನ ಬಾಯಿಂದ ಬಂದಾಗಿತ್ತು. ಸಭೆಯ ಕೊನೆಯಲ್ಲಿ ಕೂತ ರಂಜನಾ ಕೂಡ, ಸಾಕವ್ವ ಎಂಬಂತೆ ಕೈ ಎತ್ತಿದಳು. ಆದರೆ ಕಾಶವ್ವ ಅವನಿಗೆ ಏನನ್ನೂ ಮಾತು ಕೊಟ್ಟಿರಲಿಲ್ಲ.

"ಪಾರ್ವತಿ ಹೊಸಮನಿ."

ದೊಡ್ಡವ್ವ ಈ ಸಲ ಕೂಗಲಿಲ್ಲ. ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಅದರಲ್ಲೇ ಕೂತಳು. ಕಾಶವ್ವ ಸತ್ಕಾರದ ತಟ್ಟೆಯಿಂದ ಒಂದು ಹೂವು ಎತ್ತಿಕೊಂಡು ವೇದಿಕೆ ಇಳಿದು ಆಕೆಯ ಉಡಿಯಲ್ಲಿ ಇಟ್ಟಳು. ಮುದುಕಿ ಕಾಶವ್ವನ ಮುಖ ನೋಡಲಿಲ್ಲ. ಆಕೆಯ ಕಣ್ಣು ವೇದಿಕೆಯ ಮೇಲಿತ್ತು.

"ಬಸೂ, ಆ ಕೂಸಿನ ಹೆಸರ ಯಾಕ ಬರೆಸಿದ್ಯೋ?"

ಬಸವಪ್ರಭುವಿಗೆ ಕಿವಿ ಕೇಳುತ್ತಿತ್ತು. ನೆನಪೂ ಮಾಸಿರಲಿಲ್ಲ. ನಾಲಿಗೆ ಮಾತ್ರ ಹೊರಳಲಿಲ್ಲ. ತಲೆಯ ಫೇಟಾ ಓರೆಯಾಗಿ ಹುಬ್ಬಿಗೆ ಇಳಿದಿತ್ತು. ಅದನ್ನು ಸರಿ ಮಾಡಲು ಯಾರೂ ಹತ್ತಿರ ಹೋಗಲಿಲ್ಲ.

ಪ್ರಾಚಿ ಎದ್ದಳು. ವೇದಿಕೆ ಹತ್ತಿ ಅವನ ಉಡಿಯಿಂದ ತನ್ನ ಗುಲಾಬಿಯನ್ನು ಹುಡುಕಿ ತೆಗೆದುಕೊಂಡು, ತೆರೆದ ಹಾಜರಿ ಪುಸ್ತಕದ ಮೇಲೆ, ಗೂಳಪ್ಪನ ದುಂಡನೆಯ ಅಕ್ಷರಗಳ ಮೇಲೆ ಇಟ್ಟಳು. ಅವಳ ಹಿಂದೆ ಉಳಿದ ಎಂಟು ಮಂದಿ ಬಂದರು. ಒಂಬತ್ತು ಹೂವೂ ಅವನ ಉಡಿಯಿಂದ ಎದ್ದವು. ಯಾರೂ ಅವನಿಗೆ ಏನೂ ಅನ್ನಲಿಲ್ಲ. ಅಂಗಡಿಯಲ್ಲಿ ಮರೆತ ಸಾಮಾನನ್ನು ವಾಪಸ್ ಒಯ್ಯುವವರ ಹಾಗೆ ಬಂದು ಹೋದರು.

ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಯಾರೂ ಪಂಕ್ತಿಗೆ ಕೂರಲಿಲ್ಲ. ದೊಡ್ಡವ್ವ ಕಾರು ಬೇಡವೆಂದು ಹಟ ಹಿಡಿದಳು. ಪಂಢರಿನಾಥ ರಿಕ್ಷಾ ತಂದು ಬಸ್ ನಿಲ್ದಾಣಕ್ಕೆ ಕರೆದೊಯ್ದ. ಆ ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೂ ಕಾಶವ್ವ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಮುದುಕಿ ಹಿಂತಿರುಗಿ ನೋಡಲಿಲ್ಲ. ಮುದುಕಿಗೆ ಕೊಟ್ಟ ಆ ನೋವನ್ನು ತಾನೇ ಹೊರಬೇಕೆಂದು ಕಾಶವ್ವನಿಗೆ ಮೊದಲೇ ಗೊತ್ತಿತ್ತು.

ಮರುದಿನ ಮುಂಜಾನೆ ರಂಜನಾ ಮಗರಪಟ್ಟಾದ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು. ಪೂಜೆ ಮುಗಿಸಿದ ಕಾಶವ್ವ ಬಂದು, ತಾಟು ಎಳೆದುಕೊಂಡು ಕೂತಳು.

"ನನಗೂ ಎರಡ ಸವಟ ಹಾಕವ್ವ. ಉಳ್ಳಾಗಡ್ಡಿ ಇದ್ರ ಮ್ಯಾಲ ಉದುರಸು."

"ಅವ್ವ, ಇವತ್ತ ಸೋಮವಾರ."

"ಗೊತ್ತದ" ಎಂದಳು ಕಾಶವ್ವ. "ಇನ್ನ ಅವನ ಆಯುಷ್ಯ ಅವನ ಬೇಡಿಕೊಳ್ಲಿ."